ಕಿವಿ ಮಷೀನು ಕಪಾಟು ಸೇರುವುದೇಕೆ? ಫಿಟಿಂಗ್, ಅಚ್ಚು, ಆರೈಕೆ: ತಿಳಿದವರು ಬರೆಯಿರಿ

ಶ್ರವಣಮಿತ್ರ

ಕೊಂಡು ಮೂರು ತಿಂಗಳಾಗುವಷ್ಟರಲ್ಲಿ ಕಪಾಟು ಸೇರುವ ಕಿವಿ ಮಷೀನುಗಳ ವಿಷಯ ಇಲ್ಲಿ ಒಮ್ಮೆ ಬಿಡಿಸಿ ಮಾತಾಡಬೇಕು. ದೂರು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: "ಹಾಕ್ಕೊಂಡ್ರೆ ತಟ್ಟೆ ಲೋಟದ ಸದ್ದು ತಲೆಗೆ ಹೊಡೆಯುತ್ತೆ, ಮಾತು ಮಾತ್ರ ತಿಳಿಯಲ್ಲ." ಮನೆಯವರು ಕಂಪನಿಯನ್ನು ಬೈಯುತ್ತಾರೆ, ಇಲ್ಲವೇ "ಅವರಿಗೇ ಹಾಕ್ಕೊಳ್ಳೋ ಮನಸ್ಸಿಲ್ಲ" ಎಂದು ಹಿರಿಯರ ಮೇಲೆ ಹಾಕುತ್ತಾರೆ. ಬಹಳ ಸಲ ತಪ್ಪು ಇರುವುದು ಮಷೀನನ್ನು ಆ ಕಿವಿಗೆ ಹೊಂದಿಸಿದ ರೀತಿಯಲ್ಲಿ.

ವಯಸ್ಸಾದವರಲ್ಲಿ ಮತ್ತೆ ಮತ್ತೆ ಕಾಣುವ ಒಂದು ಆಡಿಯೋಗ್ರಾಮ್, ಅಂದರೆ ಯಾವ ಫ್ರೀಕ್ವೆನ್ಸಿಯ (ಹರ್ಟ್ಸ್ ಅಂಕಿ ಏರಿದಷ್ಟೂ ಕೀರಲು) ಸದ್ದು ಎಷ್ಟು ಡೆಸಿಬೆಲ್ ಜೋರಾದರೆ ಕೇಳುತ್ತದೆ ಎಂಬ ಪರೀಕ್ಷೆಯ ನಕ್ಷೆ, ಇಟ್ಟುಕೊಳ್ಳೋಣ. 250 ಹರ್ಟ್ಸ್‌ನಲ್ಲಿ 20 ಡೆಸಿಬೆಲ್, 500ರಲ್ಲಿ 25, 1000ದಲ್ಲಿ 40, 2000ದಲ್ಲಿ 55, 4000ದಲ್ಲಿ 70. ಇಂಥ ಕಿವಿಗೆ ಆ, ಊ, ಓ ತರಹದ ಸ್ವರಗಳು ಚೆನ್ನಾಗಿಯೇ ಬೀಳುತ್ತವೆ. ಸ, ಶ, ತ, ಕ, ಹ ಮುಂತಾದ ವ್ಯಂಜನಗಳ ಸದ್ದು ಸಣ್ಣದು, ಅದರ ಹೆಚ್ಚಿನ ಪಾಲು 2000ದ ಆಸುಪಾಸು ಮತ್ತು ಅದರ ಮೇಲೆ ಇರುತ್ತದೆ. ಅದು ಹೋದಾಗ ಹಾಲು, ಸಾಲು, ಕಾಲು ಮೂರೂ "ಆಲು" ಆಗಿಬಿಡುತ್ತವೆ. "ಕೇಳುತ್ತೆ, ಅರ್ಥ ಆಗಲ್ಲ" ಎನ್ನುವ ಮಾತು ಹುಟ್ಟುವುದು ಇಲ್ಲಿಂದ. ಈ ಕಿವಿಗೆ ಎಲ್ಲ ಸದ್ದನ್ನೂ ಒಂದೇ ಸಮ ಏರಿಸಿಕೊಟ್ಟರೆ ಮೊದಲೇ ಚೆನ್ನಾಗಿ ಕೇಳುತ್ತಿದ್ದ ಫ್ಯಾನಿನ ಗುಂಯ್, ಬಸ್ಸಿನ ಗುಡುಗುಡು ಇನ್ನೂ ಜೋರಾಗಿ ಮಾತನ್ನು ಮುಚ್ಚಿಹಾಕುತ್ತವೆ.

ಆದ್ದರಿಂದ ಯಾವ ಫ್ರೀಕ್ವೆನ್ಸಿಗೆ ಎಷ್ಟು ಏರಿಸಬೇಕು ಎಂಬುದಕ್ಕೆ ಸೂತ್ರಗಳಿವೆ. ದೊಡ್ಡವರಿಗೆ ಹೆಚ್ಚಾಗಿ ಆಸ್ಟ್ರೇಲಿಯಾದ ಎನ್‌ಎಎಲ್-ಎನ್‌ಎಲ್2, ಮಕ್ಕಳಿಗೆ ಕೆನಡಾದ ಡಿಎಸ್‌ಎಲ್. ಎನ್‌ಎಎಲ್‌ನಲ್ಲಿ ಕೆಲವು ಮಾಹಿತಿ ತುಂಬಬೇಕು: ವಯಸ್ಸು, ಗಂಡು ಹೆಣ್ಣು, ಮೊದಲು ಮಷೀನು ಬಳಸಿದ್ದಾರೋ ಇಲ್ಲವೋ, ಮತ್ತು ಭಾಷೆ ಸ್ವರಭೇದದ್ದೋ ಅಲ್ಲವೋ. ಚೀನಿ ಭಾಷೆಯಂತೆ ದನಿಯ ಏರಿಳಿತದಿಂದ ಪದದ ಅರ್ಥವೇ ಬದಲಾಗುವ ಭಾಷೆಗೆ ಕೆಳ ಫ್ರೀಕ್ವೆನ್ಸಿಯಲ್ಲಿ ತುಸು ಹೆಚ್ಚು ಕೊಡಲಾಗುತ್ತದೆ. ಕನ್ನಡ ಹಾಗಲ್ಲ, ಇಲ್ಲಿ "ನಾನ್ ಟೋನಲ್" ಎಂದೇ ಇರಬೇಕು. ಚಿಕ್ಕ ಗುಂಡಿ, ಆದರೆ ನೋಡದೆ ಮುಂದೆ ಹೋಗುವವರು ಬಹಳ.

ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಕಂಪ್ಯೂಟರ್‌ನಲ್ಲಿ ಆಡಿಯೋಗ್ರಾಮ್ ಹಾಕಿ "ಫಸ್ಟ್ ಫಿಟ್" ಒತ್ತಿ, "ಕೇಳುತ್ತಾ ಅಜ್ಜಾ?" ಎಂದು ಕೇಳಿ ಕಳಿಸುವುದು. ಸಾಫ್ಟ್‌ವೇರ್ ಲೆಕ್ಕ ಹಾಕುವುದು ಸರಾಸರಿ ಕಿವಿಗೆ. ಎದುರಿಗೆ ಕೂತವರ ಕಿವಿಯ ಕೊಳವೆ ಉದ್ದವೋ ಗಿಡ್ಡವೋ, ಕಿವಿಯೊಳಗೆ ಕೂರುವ ಅಚ್ಚು ಬಿಗಿಯೋ ಸಡಿಲವೋ ಅದಕ್ಕೆ ಗೊತ್ತಿಲ್ಲ. 3000, 4000 ಹರ್ಟ್ಸ್‌ನಲ್ಲಿ ಫಸ್ಟ್ ಫಿಟ್ ಸೂತ್ರದ ಗುರಿಗಿಂತ 10 ಡೆಸಿಬೆಲ್ ಕಡಿಮೆ ಕೊಡುವುದು ಸಾಮಾನ್ಯ. ಹಾಲು, ಸಾಲು ಬೇರೆಯಾಗಬೇಕಾದ ಜಾಗವೇ ಅದು.

ಇದಕ್ಕೆ ದಾರಿ ಕಿವಿತಮಟೆಯ ಹತ್ತಿರವೇ ಸದ್ದನ್ನು ಅಳೆಯುವುದು, ರಿಯಲ್ ಇಯರ್ ಮೆಷರ್‌ಮೆಂಟ್. ಮೊದಲು ಕಿವಿಯೊಳಗೆ ನೋಡುವ ಒಟೋಸ್ಕೋಪ್‌ನಲ್ಲಿ ಗುಗ್ಗೆ ಇಲ್ಲವೆಂದು ನೋಡಿಕೊಳ್ಳಬೇಕು. ದಾರದಷ್ಟು ಸಣ್ಣ ಸಿಲಿಕೋನ್ ನಳಿಕೆಗೆ (ಪ್ರೋಬ್ ಟ್ಯೂಬ್) ಒಂದು ಗುರುತಿನ ಉಂಗುರ ಇರುತ್ತದೆ. ಹೆಂಗಸರಿಗೆ ತುದಿಯಿಂದ 28 ಮಿ.ಮೀ., ಗಂಡಸರಿಗೆ 30 ಮಿ.ಮೀ. ಆಸುಪಾಸು ಅದನ್ನು ಸರಿಸಿ, ಕಿವಿಬಾಯಿಯ ಕೆಳಗಿನ ಕಚ್ಚಿಗೆ ಉಂಗುರ ಬಂದು ನಿಲ್ಲುವವರೆಗೆ ನಿಧಾನ ಒಳಗೆ ಬಿಡಬೇಕು. ಆಗ ತುದಿ ತಮಟೆಯಿಂದ ಸುಮಾರು 5 ಮಿ.ಮೀ. ದೂರದಲ್ಲಿರುತ್ತದೆ. ಅದರ ಮೇಲೆ ಮಷೀನು ಹಾಕಿ, ಅರ್ಧ ಮೀಟರಿನಿಂದ ಒಂದು ಮೀಟರ್ ದೂರದ ಸ್ಪೀಕರ್‌ನಿಂದ ಮಾತಿನ ಸದ್ದು ಕೊಡುವುದು: ಮೊದಲು 65 ಡೆಸಿಬೆಲ್, ಅಂದರೆ ಮಾಮೂಲಿ ಸಂಭಾಷಣೆ, ನಂತರ ಮೆಲುಮಾತು 50 ಅಥವಾ 55, ಆಮೇಲೆ ಜೋರು 75 ಅಥವಾ 80. ಪ್ರತಿ ಸಲವೂ ಪರದೆಯ ಮೇಲಿನ ಗೆರೆ ಗುರಿಗೆ 5 ಡೆಸಿಬೆಲ್ ಒಳಗೆ ಬರುವವರೆಗೆ ಏರಿಳಿಸಬೇಕು. ಕೊನೆಗೆ 85–90 ಡೆಸಿಬೆಲ್ ಟೋನ್ ಓಡಿಸಿ, ಮಷೀನಿನ ಗರಿಷ್ಠ ಸದ್ದು ಅವರಿಗೆ ತಡೆಯಲಾರದ ಮಟ್ಟ ಮುಟ್ಟುವುದಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಬಳಸುವ ಪರೀಕ್ಷಾ ಸದ್ದು ಆರು ಭಾಷೆಗಳ ಮಾತನ್ನು ಚೂರು ಮಾಡಿ ಜೋಡಿಸಿದ್ದು, ಯಾರಿಗೂ ಅರ್ಥವಾಗದು. ಹಾಗಾಗಿ ಕನ್ನಡದವರಿಗೂ ಸರಿಹೊಂದುತ್ತದೆ. ಎರಡೂ ಕಿವಿಗೆ ಸೇರಿ ಅರ್ಧ ಗಂಟೆಯ ಕೆಲಸ.

ಕೊಳ್ಳುವ ಮುಂಚೆ "ಪ್ರೋಬ್ ಟ್ಯೂಬ್ ಹಾಕಿ ಅಳೆದು ಕೊಡ್ತೀರಾ?" ಎಂದು ಕೇಳಿ. ಉತ್ತರದಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ.

ತಾಲ್ಲೂಕು ಕ್ಯಾಂಪ್

ಸರ್, ಮಾತು ಸರಿ. ಆದರೆ ತಾಲ್ಲೂಕು ಮಟ್ಟದಲ್ಲಿ ಆ ಉಪಕರಣ ಎಲ್ಲಿ ಸಿಗುತ್ತೆ? ಅದಿಲ್ಲ ಅಂದರೆ ಫಿಟಿಂಗೇ ಬೇಡ ಅನ್ನೋಕಾಗಲ್ಲ. ಇಲ್ಲದ ಕಡೆ ಮಾಡಬಹುದಾದ್ದನ್ನೂ ಬರೆಯಿರಿ.

ಶ್ರವಣಮಿತ್ರ

ನ್ಯಾಯವಾದ ಪ್ರಶ್ನೆ. ಆ ಉಪಕರಣ ಇಲ್ಲದಿದ್ದರೂ ಮೂರು ಕೆಲಸ ಮಾಡಬಹುದು.

ಮೊದಲನೆಯದು ಲಿಂಗ್ ಅವರ ಆರು ಧ್ವನಿಗಳ ಪರೀಕ್ಷೆ: ಆ, ಈ, ಊ, ಮ್, ಶ್, ಸ್. ಬಾಯಿ ಕಾಣದಂತೆ ಒಂದು ಕಾಗದ ಅಡ್ಡ ಹಿಡಿದು ಒಂದು ಮೀಟರ್ ದೂರದಿಂದ ಮಾಮೂಲಿ ದನಿಯಲ್ಲಿ, ಕ್ರಮ ತಪ್ಪಿಸಿ, ನಡುನಡುವೆ ಸುಮ್ಮನಿದ್ದು ಹೇಳಬೇಕು. ಅವರು ಕೇಳಿದ್ದನ್ನೇ ತಿರುಗಿ ಹೇಳಬೇಕು. ಆಮೇಲೆ ಮೂರು ಮೀಟರ್ ದೂರದಿಂದ. ಊ, ಮ್ ತಪ್ಪಿದರೆ ಕೆಳ ಫ್ರೀಕ್ವೆನ್ಸಿ ಸಾಲದು. ಶ್ ಬಂದು ಸ್ ಬರದಿದ್ದರೆ 4000ದ ಮೇಲೆ ಸಾಲದು. ಸ್ ಹೇಳುವಾಗ "ಸಾ" ಎಂದು ಸ್ವರ ಸೇರಿಸಬೇಡಿ, ಪರೀಕ್ಷೆ ಕೆಡುತ್ತದೆ.

ಎರಡನೆಯದು ಪದಪಟ್ಟಿ. ಕನ್ನಡಕ್ಕೆಂದೇ ಧ್ವನಿಸಮತೋಲನದ (ಧ್ವನಿಗಳು ಮಾತಿನಲ್ಲಿ ಬರುವ ಪ್ರಮಾಣದಲ್ಲೇ ಇರುವ) ಪದಪಟ್ಟಿಗಳು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಸಿದ್ಧವಾಗಿವೆ. ಮಷೀನು ಇಲ್ಲದೆ ಎಷ್ಟು, ಇದ್ದಾಗ ಎಷ್ಟು ಪದ ಸರಿ ಹೇಳಿದರು ಎಂದು ಎಣಿಸಿ ಕಾರ್ಡಿನ ಮೇಲೆ ಬರೆದುಕೊಡಿ. ಮುಂದಿನ ಸಲ ಬಂದಾಗ ಹೋಲಿಸಲು ಒಂದು ಅಂಕಿ ಇರುತ್ತದೆ.

ಮೂರನೆಯದು ಮಷೀನು ಹಾಕಿಸಿ ಸ್ಪೀಕರ್ ಮುಂದೆ ಕೂರಿಸಿ ಕೇಳುವ ಮಟ್ಟ ಪರೀಕ್ಷಿಸುವುದು. ಇದರ ಮಿತಿ ತಿಳಿದಿರಲಿ. ಅತಿ ಮೆಲು ಸದ್ದು ಕೇಳುತ್ತದೋ ಇಲ್ಲವೋ ಎಂಬುದಷ್ಟೇ ಇದರಿಂದ ತಿಳಿಯುತ್ತದೆ. ಮಾಮೂಲಿ ಮಾತಿಗೆ ಎಷ್ಟು ಸಿಗುತ್ತಿದೆ, ಪಟಾಕಿ ಸಿಡಿದಾಗ ಎಷ್ಟಾಗುತ್ತದೆ ಎನ್ನುವುದು ತಿಳಿಯುವುದಿಲ್ಲ. ಸಾಧ್ಯವಾದರೆ ವರ್ಷಕ್ಕೊಮ್ಮೆಯಾದರೂ ಪ್ರೋಬ್ ಇರುವ ಕಡೆಗೆ ಕಳಿಸಿ.

ಹುಬ್ಬಳ್ಳಿ ಇಎನ್‌ಟಿ

ಮಷೀನ್ ಹಾಕೂಕಿಂತ ಮೊದಲಿನ ಮಾತು ಒಂದು ಬಿಟ್ಟುಹೋಗೇದ. ಕಿವಿ ಒಳಗ ನೋಡದನ ಮಷೀನ್ ಕೊಡಬ್ಯಾಡ್ರಿ, ತಗೋಬ್ಯಾಡ್ರಿ.

ಇವು ಇದ್ದರ ಮೊದಲ ಕಿವಿ-ಮೂಗು-ಗಂಟಲು ಡಾಕ್ಟರ್ ಹತ್ರ: ಕಿವಿ ಸೋರೂದು, ನೋವು, ತಲೆ ಗರಗರ ತಿರುಗೂದು, ಎರಡು ಕಿವಿಯೊಳಗ ಒಂದು ಮಾತ್ರ ಭಾಳ ಮಂದ ಇರೂದು, ಒಂದ ಕಿವಿಯೊಳಗ ಸದಾ ಗುಂಯ್ ಅನ್ನೂದು, ಮಾರಿ ಒಂದು ಬದಿ ಸೊಟ್ಟ ಆಗೂದು. ಮೂರು ದಿನದೊಳಗ ದಿಢೀರಂತ ಕಿವಿ ಹೋದರ ಅದು ತುರ್ತು. "ನೆಗಡಿ ಇರಬೇಕು, ನೋಡೂಣು" ಅಂತ ಕೂಡೂದಲ್ಲ. ಸ್ಟಿರಾಯ್ಡ್ ಚಿಕಿತ್ಸೆ ಎರಡು ವಾರದೊಳಗ ಸುರುವಾದರ ಫಲ ಸಿಗೂ ಅವಕಾಶ ಹೆಚ್ಚು, ಎಷ್ಟು ಬೇಗೋ ಅಷ್ಟು ಚಲೋ. ಅಂಥವರನ್ನ ಮಷೀನ್ ಅಂಗಡಿಗೆ ಕಳಿಸಿದರ ಆ ಎರಡು ವಾರ ಹಾಳಾಗ್ತದ.

ಗುಗ್ಗೆ ತುಂಬಿದ್ದರ ತಗದ ಮ್ಯಾಲೆ ಇನ್ನೊಮ್ಮೆ ಆಡಿಯೋಗ್ರಾಮ್ ಮಾಡ್ಸಬೇಕು. ಹಳೇ ಅಂಕಿ ಮ್ಯಾಲೆ ಫಿಟಿಂಗ್ ಮಾಡಬಾರದು. ತಮಟೆ ಒಳಗ ತೂತು ಇದ್ದವರಿಗೆ ಪಿಚಕಾರಿಯಿಂದ ನೀರು ಹೊಡಿಯೂದು ಅಪಾಯ. ಆಡಿಯೋಗ್ರಾಮ್ ಒಳಗ ಬೋನ್ ಕಂಡಕ್ಷನ್ (ಎಲುಬಿನ ಮೂಲಕ ಕೇಳೂ) ಗೆರಿ ಮತ್ತ ಏರ್ (ಗಾಳಿ ಮೂಲಕ ಕೇಳೂ) ಗೆರಿ ನಡುವ 15 ಡೆಸಿಬೆಲ್‌ಕ್ಕಿಂತ ಅಂತರ ಇದ್ದರ ನಡುಗಿವಿ ತೊಂದರೆ ಇರಬಹುದು, ಔಷಧ ಅಥವಾ ಆಪರೇಷನ್‌ನಿಂದ ಸರಿ ಹೋಗೂ ಸಾಧ್ಯತೆ ನೋಡಬೇಕು.

ಸಕ್ಕರೆ ಕಾಯಿಲೆ ಇದ್ದವರ ಬಗ್ಗೆ ಖಾಸ ಹೇಳ್ತೀನಿ. ಅಚ್ಚು ತಿಕ್ಕಿ ಕಿವಿಯೊಳಗ ಗಾಯ ಆಗಿ, ರಾತ್ರಿ ನಿದ್ದಿ ಬರದಷ್ಟು ನೋವು ಸುರುವಾದರ ಮಷೀನ್ ತಗದಿಟ್ಟು ಅವತ್ತ ತೋರಿಸ್ರಿ. ಆ ಸೋಂಕು ಎಲುಬಿಗೆ ಇಳೀಬಹುದು.

ಅಚ್ಚುಕೆಲಸ

ಅಚ್ಚಿನ ಮಾತು ಬಂತು, ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಎಂಥ ದುಬಾರಿ ಮಷೀನಾದರೂ ಸದ್ದು ಕಿವಿಗೆ ಹೋಗುವುದು ಅಚ್ಚಿನ ಮೂಲಕ. ಅಚ್ಚು ಸಡಿಲವಾದರೆ ಮೇಲಿನವರು ಹೇಳಿದ ಅಳತೆಯೆಲ್ಲ ನೀರುಪಾಲು.

ಅಳತೆ ತೆಗೆಯುವಾಗ ಮೊದಲು ದಾರ ಕಟ್ಟಿದ ಹತ್ತಿ ಅಥವಾ ಫೋಮ್ ಬಿಲ್ಲೆಯನ್ನು ಕಿವಿಕೊಳವೆಯ ಎರಡನೇ ತಿರುವು ದಾಟಿಸಿ ಕೂರಿಸಬೇಕು. ಇದಿಲ್ಲದೆ ಪೇಸ್ಟ್ ಬಿಟ್ಟರೆ ಅದು ತಮಟೆಗೆ ಅಂಟುತ್ತದೆ. ಆಮೇಲೆ ಸಿಲಿಕೋನ್ ಎರಡು ಪಾಲನ್ನು ಬಣ್ಣ ಒಂದಾಗುವವರೆಗೆ ಬೆರೆಸಿ ಸಿರಿಂಜಿಗೆ ತುಂಬಿ, ಸಿರಿಂಜಿನ ತುದಿಯನ್ನು ಪೇಸ್ಟಿನಲ್ಲೇ ಮುಳುಗಿಸಿಟ್ಟುಕೊಂಡು ಹಿಂದೆ ಹಿಂದೆ ಬರಬೇಕು. ತುದಿ ಹೊರಬಂದರೆ ಗಾಳಿ ಸೇರಿ ಮಡಿಕೆ ಬೀಳುತ್ತದೆ, ಆ ಮಡಿಕೆಯೇ ನಾಳೆ ಶಿಳ್ಳೆ ಹೊಡೆಯುವ ಸಂದು. 4–5 ನಿಮಿಷ ಗಟ್ಟಿಯಾಗಲು ಬಿಟ್ಟು, ಆ ಹೊತ್ತಿನಲ್ಲಿ ಅವರಿಂದ ಬಾಯಿ ತೆರೆದು ಮುಚ್ಚಿಸಿ, ಅಗಿಯುವ ಹಾಗೆ ಮಾಡಿಸಬೇಕು. ದವಡೆ ಆಡಿದಾಗ ಕಿವಿಕೊಳವೆಯ ಆಕಾರ ಬದಲಾಗುತ್ತದೆ. ಬಾಯಿ ಮುಚ್ಚಿಸಿಯೇ ತೆಗೆದ ಅಚ್ಚು ಊಟ ಮಾಡುವಾಗ ಕುಯ್ಯ್ ಎನ್ನುವುದು ಇದಕ್ಕೇ.

ಮೇಲೆ ಕೊಟ್ಟ ಆಡಿಯೋಗ್ರಾಮ್‌ಗೆ ಪೂರ್ತಿ ಮುಚ್ಚಿದ ಅಚ್ಚು ಹಾಕಿದರೆ "ನನ್ನ ದನಿ ಕೊಡದೊಳಗಿಂದ ಬಂದ ಹಾಗಿದೆ" ಎಂದೇ ಹೇಳುತ್ತಾರೆ. ಮಾತಾಡುವಾಗ ನಮ್ಮದೇ ದನಿಯ ಕೆಳ ಫ್ರೀಕ್ವೆನ್ಸಿ ದವಡೆ ಮೂಲಕ ಕಿವಿಕೊಳವೆಗೆ ಬಂದು ಹೊರಹೋಗಲು ದಾರಿಯಿಲ್ಲದೆ ಉಳಿಯುತ್ತದೆ. 500ರಲ್ಲಿ 25 ಇರುವವರಿಗೆ ತೆರೆದ ಡೋಮ್ (ಮೆತ್ತನೆ ಟೋಪಿಯಂಥ ತುದಿ) ಅಥವಾ 2–3 ಮಿ.ಮೀ. ಗಾಳಿತೂತು ಇರುವ ಅಚ್ಚು ಬೇಕು. 500ರಲ್ಲೇ 60 ದಾಟಿದವರಿಗೆ ಅಷ್ಟು ದೊಡ್ಡ ತೂತು ಕೊಟ್ಟರೆ ಬೇಕಾದ ಸದ್ದೂ ಸೋರಿಹೋಗುತ್ತದೆ. ಅವರಿಗೆ 1 ಮಿ.ಮೀ. ಒತ್ತಡ ಬಿಡುವ ತೂತು ಸಾಕು.

ಕಿವಿಯ ಹಿಂದೆ ಕೂರುವ ಬಿಟಿಇ ಮಷೀನಿನ ಟ್ಯೂಬ್ ಬಗ್ಗೆ. 13 ನಂಬರಿನ ಟ್ಯೂಬ್, ಒಳವ್ಯಾಸ 1.93 ಮಿ.ಮೀ. ಬೆವರು, ಎಣ್ಣೆಗೆ ಮೂರರಿಂದ ಆರು ತಿಂಗಳಲ್ಲಿ ಹಳದಿಯಾಗಿ ಗಟ್ಟಿಯಾಗುತ್ತದೆ. ಗಟ್ಟಿಯಾದ ಟ್ಯೂಬ್ ಅಚ್ಚನ್ನು ಹೊರಕ್ಕೆ ಎಳೆಯುತ್ತದೆ, ಸದ್ದು ಸೋರಿ ಶಿಳ್ಳೆ ಶುರು. ಇಷ್ಟಕ್ಕೇ "ಮಷೀನ್ ಹೋಯ್ತು" ಎಂದು ಹೊಸದು ಕೊಂಡವರು ಕಡಿಮೆಯಿಲ್ಲ. ಬದಲಿಸುವಾಗ ಹಳೆಯದನ್ನು ಎಳೆದು ತೆಗೆದು, ತೂತಿನ ಒಳಗಿನ ಹಳೆ ಅಂಟನ್ನು ಕೆರೆದು, ಹೊಸ ಟ್ಯೂಬಿನ ಒಂದು ತುದಿಯನ್ನು ಓರೆಯಾಗಿ ಚೂಪಾಗಿಸಿ ಕತ್ತರಿಸಬೇಕು. ಸಣ್ಣ ತಂತಿಯ ಕುಣಿಕೆಗೆ ಆ ಚೂಪು ಸಿಕ್ಕಿಸಿ ಹೊರಬದಿಯಿಂದ ಕಿವಿಬದಿಗೆ ಎಳೆಯಿರಿ, ಬಾಗಿದ ಭಾಗ ಅಚ್ಚಿಗೆ ಬಂದು ಮುಟ್ಟುವವರೆಗೆ. ಕಿವಿಬದಿಯ ತುದಿಯನ್ನು ಅಚ್ಚಿನ ಸಮಕ್ಕೆ ಕತ್ತರಿಸಿ. ಮೇಲಿನ ತುದಿಯನ್ನು ಅಚ್ಚು ಕಿವಿಯಲ್ಲಿ ಇಟ್ಟುಕೊಂಡೇ ಮಷೀನಿನ ಕೊಕ್ಕೆಗೆ ಹಿಡಿದು ಗುರುತು ಮಾಡಿ ಕತ್ತರಿಸಬೇಕು. ಮೇಜಿನ ಮೇಲೆ ಅಂದಾಜಿಗೆ ಕತ್ತರಿಸಿದರೆ 3 ಮಿ.ಮೀ. ಗಿಡ್ಡವಾದರೂ ಮಷೀನು ಕಿವಿ ಹಿಂದೆ ಕೂರದು. ತೀವ್ರ ನಷ್ಟದವರ ಪವರ್ ಮಷೀನಿಗೆ ದಪ್ಪಗೋಡೆಯ 13 ನಂಬರ್ ಹಾಕಿ, ಸಾದಾ ಟ್ಯೂಬಿನ ಗೋಡೆಯಿಂದಲೇ ಸದ್ದು ಸೋರುತ್ತದೆ.

ಪುಟಾಣಿ ಮಾತು

ಅಚ್ಚುಕೆಲಸ ಅಣ್ಣ, ಮಕ್ಕಳಲ್ಲಿ ನೀವು ಹೇಳಿದ್ದರ ಎರಡರಷ್ಟು ಗಮನ ಬೇಕು. ಮೊದಲ ವರ್ಷ ಮಗುವಿನ ಕಿವಿ ಎಷ್ಟು ಬೇಗ ಬೆಳೆಯುತ್ತದೆಂದರೆ ಒಂದರಿಂದ ಮೂರು ತಿಂಗಳಿಗೊಮ್ಮೆ ಅಚ್ಚು ಬದಲಿಸಬೇಕಾಗುತ್ತದೆ. ಮೆತ್ತನೆ ಸಿಲಿಕೋನ್ ಅಚ್ಚೇ ಇರಲಿ.

ಪುಟ್ಟ ಕಿವಿಕೊಳವೆಯಲ್ಲಿ ಅದೇ ಮಷೀನು ದೊಡ್ಡವರ ಕಿವಿಗಿಂತ ಹೆಚ್ಚು ಒತ್ತಡದ ಸದ್ದು ಕೊಡುತ್ತದೆ. ಅದಕ್ಕೇ ಆರ್‌ಇಸಿಡಿ ಎಂಬ ಅಳತೆ: ಮಗುವಿನ ಕಿವಿಯಲ್ಲಿನ ಸದ್ದಿಗೂ 2 ಸಿಸಿ ಪರೀಕ್ಷಾ ಪೆಟ್ಟಿಗೆಯಲ್ಲಿನ ಸದ್ದಿಗೂ ಇರುವ ವ್ಯತ್ಯಾಸ. ಮಗು ಕೆಲವು ಕ್ಷಣ ಸುಮ್ಮನಿದ್ದರೆ ಸಾಕು, ಉಳಿದ ಹೊಂದಾಣಿಕೆಯನ್ನು ಪೆಟ್ಟಿಗೆಯಲ್ಲೇ ಮಾಡಬಹುದು. ಹೊಸ ಅಚ್ಚು ಬಂದಾಗಲೆಲ್ಲ ಈ ಅಳತೆ ಮತ್ತೆ ತೆಗೆಯಬೇಕು.

ತಾಯಂದಿರು ತರುವ ಬೆರಾ (ಸದ್ದಿಗೆ ಕಿವಿನರ, ಮೆದುಳು ಸ್ಪಂದಿಸುವುದನ್ನು ಅಳೆಯುವ ಪರೀಕ್ಷೆ) ರಿಪೋರ್ಟಿನಲ್ಲಿ ಎಷ್ಟೋ ಸಲ ಬರೀ "ಕ್ಲಿಕ್", ಅಂದರೆ ಹಲವು ಫ್ರೀಕ್ವೆನ್ಸಿ ಬೆರೆತ ಸದ್ದಿನ ಪರೀಕ್ಷೆ ಇರುತ್ತದೆ. ಅಷ್ಟರ ಮೇಲೆ ಮಷೀನು ಹೊಂದಿಸಲಾಗದು. 500, 1000, 2000, 4000ಕ್ಕೆ ಬೇರೆ ಬೇರೆ ಟೋನ್ ಬರ್ಸ್ಟ್ ಬೆರಾ ಅಥವಾ ಅದೇ ಬಗೆಯ ಎಎಸ್‌ಎಸ್‌ಆರ್ ಕೇಳಿ ಮಾಡಿಸಿ. ಗುರಿ 1-3-6: ಒಂದು ತಿಂಗಳೊಳಗೆ ಸ್ಕ್ರೀನಿಂಗ್, ಮೂರು ತಿಂಗಳೊಳಗೆ ಖಚಿತ ರೋಗನಿರ್ಣಯ, ಆರು ತಿಂಗಳೊಳಗೆ ಮಷೀನು ಮತ್ತು ಮಾತಿನ ತರಬೇತಿ. "ನಮ್ಮ ಮನೇಲಿ ಎಲ್ಲರೂ ಮಾತು ತಡ" ಎಂದು ಎರಡು ವರ್ಷ ಕಾಯುವುದನ್ನು ದಯವಿಟ್ಟು ಬಿಡಿ. ಆ ಎರಡು ವರ್ಷ ಮಗುವಿನ ಮೆದುಳು ಭಾಷೆಗಾಗಿ ಹಸಿದಿರುತ್ತದೆ.

ಬ್ಯಾಟರಿ ಬಾಗಿಲಿಗೆ ಬೀಗವಿರುವ ಮಷೀನೇ ಬೇಕು. ಮಗು ಬ್ಯಾಟರಿ ನುಂಗಿದರೆ ಬಾಳೆಹಣ್ಣು ತಿನ್ನಿಸಿ ಕಾಯಬೇಡಿ, ನೇರ ಆಸ್ಪತ್ರೆ. ಎಚ್ಚರವಿರುವಷ್ಟು ಹೊತ್ತೂ ಮಷೀನು ಕಿವಿಯಲ್ಲಿರಲಿ. ಮಗು ಕಿತ್ತು ಎಸೆಯುತ್ತದೆ ಎಂದರೆ ಎರಡೂ ಬದಿ ಅಂಟುವ ಟೇಪ್, ಬಟ್ಟೆಗೆ ಸಿಕ್ಕಿಸುವ ದಾರ ಇದೆ. ದಿನವೂ ಬೆಳಿಗ್ಗೆ ಹಾಕುವ ಮುಂಚೆ ಸ್ಟೆತೊಸ್ಕೋಪಿನಂಥ ಸ್ಟೆತೊಕ್ಲಿಪ್ ಕೊಳವೆಯಲ್ಲಿ ಅಮ್ಮ ತಾನೇ ಕೇಳಿ ನೋಡಬೇಕು. ದನಿ ಗೊರಗೊರ ಇದ್ದರೆ ಹೇಳಲು ಮಗುವಿಗೆ ಬಾರದಲ್ಲ.

ಕರಾವಳಿ ಮಳೆ

ಉಡುಪಿ, ಮಂಗಳೂರು, ತೀರ್ಥಹಳ್ಳಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಷೀನು ಕೆಡಲು ಮುಖ್ಯ ಕಾರಣ ತೇವ. ಟ್ಯೂಬಿನೊಳಗೆ ಸಾಸಿವೆಯಷ್ಟು ಒಂದು ನೀರ ಹನಿ ನಿಂತರೂ ಸದ್ದು ಪೂರ್ತಿ ಬಂದ್ ಆಗುತ್ತದೆ. ಬೆಳಕಿಗೆ ಹಿಡಿದರೆ ಕಾಣುತ್ತದೆ. ಅಚ್ಚನ್ನು ಮಷೀನಿನಿಂದ ಬಿಡಿಸಿ ರಬ್ಬರ್ ಬ್ಲೋವರ್‌ನಿಂದ ಊದಿ ತೆಗೆಯಿರಿ. ಬಾಯಿಂದ ಊದಿದರೆ ಉಸಿರಿನ ತೇವ ಮತ್ತೆ ಒಳಗೆ.

ರಾತ್ರಿ ಬ್ಯಾಟರಿ ತೆಗೆದು, ಬಾಗಿಲು ತೆರೆದಿಟ್ಟು, ಸಿಲಿಕಾ ಜೆಲ್ ಇರುವ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಹರಳಿನ ಬಣ್ಣ ಬದಲಾದರೆ ಅದು ತೇವ ಕುಡಿದು ತುಂಬಿದೆ ಎಂದರ್ಥ, ಬದಲಿಸಿ. ಜಿಂಕ್ ಏರ್ ಬ್ಯಾಟರಿಯನ್ನು ಆ ಡಬ್ಬಿಗೆ ಹಾಕಬಾರದು, ಒಳಗಿನ ದ್ರವವೂ ಒಣಗಿಹೋಗುತ್ತದೆ. ಬಿಸಿಲಿಗಿಡುವುದು, ಹೇರ್ ಡ್ರೈಯರ್, ಬಚ್ಚಲ ಒಲೆಯ ಪಕ್ಕ, ಅಕ್ಕಿ ಡಬ್ಬಿ ಯಾವುದೂ ಬೇಡ. ಅಕ್ಕಿಯ ಹುಡಿ ಮೈಕಿನ ಸಣ್ಣ ಕಿಂಡಿಗೆ ಕೂರುತ್ತದೆ.

ಎಣ್ಣೆಯ ಬಗ್ಗೆ ಒತ್ತಿ ಹೇಳಬೇಕು. ತಲೆಗೆ ತೆಂಗಿನೆಣ್ಣೆ ಹಚ್ಚಿದ ಕೈಯಲ್ಲೇ ಮಷೀನು ಮುಟ್ಟುವುದು, ಅಭ್ಯಂಜನದ ದಿನ ಕಿವಿಗೆ ಎರಡು ಹನಿ ಬಿಡುವುದು, ಎರಡೂ ಮಷೀನಿಗೆ ಮಾರಕ. ಆರ್‌ಐಸಿ ಮಷೀನಿನ ಸ್ಪೀಕರ್ ಕಿವಿಯೊಳಗೇ ಕೂರುತ್ತದೆ, ಎಣ್ಣೆ ನೇರ ಅದರ ಜಾಲರಿಗೆ ಹೋಗುತ್ತದೆ.

ಸದ್ದು ದಿನೇದಿನೇ ಕುಗ್ಗುತ್ತಾ ಬಂದರೆ ಮೊದಲು ಗುಗ್ಗೆ ತಡೆಯುವ ವ್ಯಾಕ್ಸ್ ಫಿಲ್ಟರ್ ಬದಲಿಸಿ. ಅದರ ಜೊತೆ ಬರುವ ಕಡ್ಡಿಯ ಖಾಲಿ ತುದಿಯನ್ನು ಹಳೆಯದರೊಳಗೆ ಒತ್ತಿ ನೇರ ಎಳೆಯುವುದು, ಕಡ್ಡಿ ತಿರುಗಿಸಿ ಹೊಸದನ್ನು ಒತ್ತುವುದು, ಅಷ್ಟೇ. ಪಿನ್ನಿನಿಂದ ಚುಚ್ಚಿ ಸ್ವಚ್ಛ ಮಾಡಲು ಹೋದರೆ ಗುಗ್ಗೆ ಒಳಕ್ಕೆ ಹೋಗಿ ಸ್ಪೀಕರ್ರೇ ಹೋಗುತ್ತದೆ. ಡೋಮ್ ಸಡಿಲವಾಗಿದ್ದರೆ ತೆಗೆಯುವಾಗ ಕಿವಿಯೊಳಗೇ ಉಳಿಯಬಹುದು. ಹೊರತೆಗೆದ ತಕ್ಷಣ ತುದಿ ನೋಡುವ ಅಭ್ಯಾಸ ಇರಲಿ. ಉಳಿದಿದ್ದರೆ ಮನೆಯಲ್ಲಿ ಚಿಮುಟ ಹಾಕಬೇಡಿ.

ತಾಲ್ಲೂಕು ಕ್ಯಾಂಪ್

ಬ್ಯಾಟರಿ ಪ್ರಶ್ನೆ ನಮ್ಮಲ್ಲಿ ದಿನಾ ಬರುತ್ತೆ. ನನಗೆ ತಿಳಿದಷ್ಟು ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ. 10 ನಂಬರಿನ ಬ್ಯಾಟರಿಗೆ ಹಳದಿ ಸ್ಟಿಕ್ಕರ್, 312 ಕಂದು, 13 ಕಿತ್ತಳೆ, 675 ನೀಲಿ. ಓದು ಬಾರದವರಿಗೆ ಬಣ್ಣ ಹೇಳಿಕೊಟ್ಟರೆ ಅಂಗಡಿಯಲ್ಲಿ ತಪ್ಪಲ್ಲ. ಸ್ಟಿಕ್ಕರ್ ಕಿತ್ತ ಮೇಲೆ ಮೂರ್ನಾಲ್ಕು ನಿಮಿಷ ಹಾಗೇ ಗಾಳಿಗೆ ಬಿಟ್ಟು ಆಮೇಲೆ ಹಾಕಬೇಕು, ಗಾಳಿ ಒಳಗೆ ಹೋದರೇನೇ ಅದು ಚಾಲೂ ಆಗೋದು. ಒಮ್ಮೆ ಕಿತ್ತರೆ ಮತ್ತೆ ಅಂಟಿಸಿ ಪ್ರಯೋಜನ ಇಲ್ಲ. ಸಣ್ಣ ತೂತುಗಳಿರೋ ಚಪ್ಪಟೆ ಬದಿಯೇ ಪ್ಲಸ್. 312 ಆದರೆ ವಾರದಿಂದ ಹತ್ತು ದಿನ, 13 ಆದರೆ ಹೆಚ್ಚುಕಡಿಮೆ ಎರಡು ವಾರ.

ಚಾರ್ಜಿಂಗ್ ಮಷೀನ್ ಹಳ್ಳಿಗೆ ಒಳ್ಳೆಯದಾ?

ಶ್ರವಣಮಿತ್ರ

ತಿದ್ದುವುದೇನೂ ಇಲ್ಲ. ಚಾರ್ಜಿಂಗ್ ಮಷೀನು ಬೆರಳು ನಡುಗುವವರಿಗೆ, ದೃಷ್ಟಿ ಮಂದವಾದವರಿಗೆ ಬಹಳ ಅನುಕೂಲ. ಮೂರು ನಾಲ್ಕು ಗಂಟೆ ಚಾರ್ಜ್, ಒಂದು ದಿನದ ಬಳಕೆ. ಕರೆಂಟು ನಂಬಲಾಗದ ಊರಿನಲ್ಲಿ ಒಳಗೇ ಬ್ಯಾಟರಿ ಇರುವ ಚಾರ್ಜರ್ ಡಬ್ಬಿ ಕೇಳಿ ತಗೊಳ್ಳಿ. ನಾಲ್ಕೈದು ವರ್ಷಕ್ಕೆ ಒಳಗಿನ ಬ್ಯಾಟರಿ ಸೊರಗುತ್ತದೆ, ಬದಲಿಸಿಕೊಡುತ್ತಾರಾ, ಎಷ್ಟು ಖರ್ಚು ಎಂದು ಕೊಳ್ಳುವ ದಿನವೇ ಬರೆಸಿಕೊಳ್ಳಿ.

ಸೌಲಭ್ಯ ಮಾಹಿತಿ

ಹಣದ ವಿಷಯ ಯಾರೂ ಎತ್ತಲಿಲ್ಲ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಶೇ. 40 ಅಥವಾ ಹೆಚ್ಚು ಅಂಗವಿಕಲತೆಯ ಪ್ರಮಾಣಪತ್ರ ಇದ್ದು, ತಿಂಗಳ ಆದಾಯ ₹22,500 ಒಳಗಿದ್ದರೆ ಮಷೀನು ಉಚಿತ. ₹30,000ವರೆಗೆ ಅರ್ಧ ಬೆಲೆ. ಒಮ್ಮೆ ಪಡೆದವರು ಮೂರು ವರ್ಷದ ಮೇಲೆ ಮತ್ತೆ ಪಡೆಯಬಹುದು, 12ರೊಳಗಿನ ಮಕ್ಕಳಾದರೆ ಒಂದು ವರ್ಷಕ್ಕೆ.

ಇಲ್ಲಿ ಬಹಳ ಮಂದಿ ಸಿಕ್ಕಿಕೊಳ್ಳುವ ಒಂದು ಕಗ್ಗಂಟಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ ಮಾತಿನ ಫ್ರೀಕ್ವೆನ್ಸಿಗಳಲ್ಲಿ 60ರಿಂದ 70 ಡೆಸಿಬೆಲ್ ನಷ್ಟ ಇದ್ದರೆ ಶ್ರವಣದೋಷ, 70 ಆದರೆ ಕಿವುಡು. ಮೇಲೆ ಹೇಳಿದ ಆಡಿಯೋಗ್ರಾಮ್ ಇರುವ ಹಿರಿಯರಿಗೆ 500, 1000, 2000ದ ಸರಾಸರಿ 40 ಮಾತ್ರ. ಕಷ್ಟ ನಿಜ, ಆದರೆ ಪ್ರಮಾಣಪತ್ರ ಸಿಗುವುದಿಲ್ಲ. ಅಂಥವರು 60 ವರ್ಷ ದಾಟಿದ್ದು ಬಿಪಿಎಲ್ ಆಗಿದ್ದರೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ನೋಡಬೇಕು, ಅದರ ಸಾಧನಗಳಲ್ಲಿ ಕಿವಿ ಮಷೀನೂ ಇದೆ. ಶಿಬಿರ ಯಾವಾಗ ಎಂದು ಜಿಲ್ಲೆಯ ಅಂಗವಿಕಲರ ಹಾಗೂ ಹಿರಿಯ ನಾಗರಿಕರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಶಿಬಿರದಲ್ಲಿ ಪಡೆದ ಮಷೀನನ್ನೂ ಆಮೇಲೆ ಆಡಿಯಾಲಜಿಸ್ಟ್ ಹತ್ತಿರ ಹೊಂದಿಸಿಕೊಳ್ಳಬೇಕು, ಪುಕ್ಕಟೆ ಬಂದದ್ದು ಎಂದು ಹಾಗೇ ಹಾಕಿಕೊಳ್ಳಬಾರದು.

ಪರೀಕ್ಷೆ ಮಾಡುವವರು ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ಆಡಿಯಾಲಜಿಸ್ಟೇ ಎಂದು ಗೋಡೆಯ ಮೇಲಿನ ನೋಂದಣಿ ಸಂಖ್ಯೆ ನೋಡಿ.

ಮನೆಮಾತು

ಆನ್‌ಲೈನ್‌ನಲ್ಲಿ ಎರಡು ಸಾವಿರಕ್ಕೆ ಸಿಗುವ "ಸೌಂಡ್ ಆಂಪ್ಲಿಫೈಯರ್" ತಗೋಬಹುದಾ ಅಂತ ಬಹಳ ಜನ ಕೇಳುತ್ತಾರೆ. ಮತ್ತೆ ಎರಡೂ ಕಿವಿಗೆ ಬೇಕೇ ಬೇಕಾ?

ಶ್ರವಣಮಿತ್ರ

ಆ ಆಂಪ್ಲಿಫೈಯರ್ ಎಲ್ಲವನ್ನೂ ಒಟ್ಟಿಗೆ ಏರಿಸುತ್ತದೆ. ಗರಿಷ್ಠ ಸದ್ದಿಗೆ ಕಡಿವಾಣವನ್ನು ಆ ಕಿವಿಗೆ ತಕ್ಕಂತೆ ಹಾಕಲು ಬರುವುದಿಲ್ಲ. ಉಳಿದಿರುವ ಕೇಳ್ಮೆಗೂ ಪೆಟ್ಟು ಬೀಳಬಹುದು. ಬೇಡ ಎಂದೇ ಹೇಳುತ್ತೇನೆ. ಕಡಿಮೆ ಹಣ ಇದ್ದರೆ ಮೂಲಮಟ್ಟದ, ಕಂಪ್ಯೂಟರ್‌ನಲ್ಲಿ ಹೊಂದಿಸಬಹುದಾದ ಡಿಜಿಟಲ್ ಬಿಟಿಇ ತಗೊಳ್ಳಿ. 16 ಚಾನಲ್, 20 ಚಾನಲ್ ಎಂಬ ಜಾಹೀರಾತಿಗಿಂತ ಸರಿಯಾಗಿ ಹೊಂದಿಸಿದ ಸಾದಾ ಮಷೀನು ಮೇಲು.

ಎರಡೂ ಕಿವಿ ಮಂದವಾಗಿದ್ದರೆ ಎರಡಕ್ಕೂ ಬೇಕು. ಸದ್ದು ಯಾವ ಕಡೆಯಿಂದ ಎನ್ನುವುದು ತಿಳಿಯಲು, ಗದ್ದಲದಲ್ಲಿ ಮಾತು ಹಿಡಿಯಲು ಎರಡು ಕಿವಿಯ ಲೆಕ್ಕಾಚಾರ ಮೆದುಳಿಗೆ ಬೇಕಾಗುತ್ತದೆ. ಒಂದೇ ಕಡೆ ಹಾಕಿ ವರ್ಷಗಟ್ಟಲೆ ಬಿಟ್ಟರೆ ಹಾಕದ ಕಿವಿಯಲ್ಲಿ ಪದ ಗುರುತಿಸುವ ಶಕ್ತಿ ಕುಗ್ಗುವುದುಂಟು. ಹಣ ಒಂದಕ್ಕೇ ಸಾಲುವುದಾದರೆ ಯಾವ ಕಿವಿಗೆ ಎಂಬುದನ್ನು ಪದಪರೀಕ್ಷೆ ನೋಡಿ ತೀರ್ಮಾನಿಸಬೇಕು, ಬರೀ ಹೆಚ್ಚು ಕೆಟ್ಟ ಕಿವಿ ಎಂದಲ್ಲ.

ಇನ್ನು ಮೊದಲ ದಿನಗಳ ದೂರುಗಳು, ಇವು ಫಿಟಿಂಗ್ ಮಾಡುವವರಿಗೆ ದಾರಿದೀಪ. "ಕಾಗದದ ಸದ್ದು, ಚಪ್ಪಲಿ ಸದ್ದು ಚುಚ್ಚುತ್ತೆ" ಎಂದರೆ ವರ್ಷಗಳಿಂದ ಕೇಳದ ಸದ್ದು ಮರಳಿದೆ. ಎರಡು ಮೂರು ವಾರ ಕಾಯಬಹುದು, ತಡೆಯಲಾಗದಿದ್ದರೆ ಮೆಲುಸದ್ದಿನ ಮೇಲ್ ಫ್ರೀಕ್ವೆನ್ಸಿ ತುಸು ಇಳಿಸಿ. "ಪಾತ್ರೆ ಬಿದ್ದರೆ ನೋವಾಗುತ್ತೆ" ಎಂದರೆ ಕಾಯಬಾರದು, ಗರಿಷ್ಠ ಸದ್ದಿನ ಮಿತಿ ಇಳಿಸಬೇಕು. "ಹತ್ತಿರ ಸರಿ, ಪಕ್ಕದ ಕೋಣೆಯಿಂದ ಕೇಳಲ್ಲ" ಎಂದರೆ 50 ಡೆಸಿಬೆಲ್ ಮಾತಿಗೆ ಕೊಟ್ಟದ್ದು ಸಾಲದು. ದೂರು ಯಾವುದೇ ಇರಲಿ, ಒಟ್ಟಾರೆ ವಾಲ್ಯೂಮ್ ಇಳಿಸಿ ಕಳಿಸುವುದು ಅತಿ ಸುಲಭ ಮತ್ತು ಅತಿ ಕೆಟ್ಟ ಉತ್ತರ. ನಾಲ್ಕು ಸಲ ಹಾಗೆ ಇಳಿಸಿದ ಮೇಲೆ ಕಿವಿಯಲ್ಲಿ ಉಳಿಯುವುದು ಬರೀ ಪ್ಲಾಸ್ಟಿಕ್.

ಮೊದಲ ವಾರ ಶಾಂತವಾದ ಮನೆಯಲ್ಲಿ ದಿನಕ್ಕೆ ನಾಲ್ಕು ಗಂಟೆ, ಆಮೇಲೆ ಏರಿಸುತ್ತಾ ಎಚ್ಚರವಿರುವಷ್ಟೂ ಹೊತ್ತು. ಮದುವೆ ಛತ್ರಕ್ಕೆ ಮೊದಲ ದಿನವೇ ಹಾಕಿಕೊಂಡು ಹೋಗಬೇಡಿ. ಮಷೀನಿನೊಳಗೆ ದಿನಕ್ಕೆ ಎಷ್ಟು ಗಂಟೆ ಬಳಕೆ ಎಂದು ದಾಖಲಾಗುತ್ತದೆ. ಎರಡು ಗಂಟೆ ಎಂದಿದ್ದರೆ ಗದರಬೇಡಿ, ಎಲ್ಲಿ ಕಷ್ಟವಾಯಿತು ಎಂದು ಕೇಳಿ. ಎರಡು ವಾರಕ್ಕೆ ಒಮ್ಮೆ, ಆರು ವಾರಕ್ಕೆ ಒಮ್ಮೆ, ಮೂರು ತಿಂಗಳಿಗೆ ಒಮ್ಮೆ, ಆಮೇಲೆ ಆರಾರು ತಿಂಗಳಿಗೆ ಭೇಟಿ. ವರ್ಷಕ್ಕೊಮ್ಮೆ ಹೊಸ ಆಡಿಯೋಗ್ರಾಮ್, ಅದರಂತೆ ಮರುಹೊಂದಾಣಿಕೆ.

ಮನೆಮಾತು

ಧನ್ಯವಾದ ಸರ್. ಮನೆಯವರು ಮಾಡಬೇಕಾದ್ದನ್ನು ನಾನೇ ಸೇರಿಸುತ್ತೇನೆ. ದೂರ ಎರಡರಷ್ಟಾದಾಗಲೆಲ್ಲ ಮಾತಿನ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಕುಕ್ಕರ್ ಕೂಗುತ್ತಿರುವಾಗ ಅಡುಗೆಮನೆಯಿಂದ ಹಾಲ್‌ಗೆ ಕೂಗಿ "ಮಷೀನ್ ಹಾಕಿದ್ರೂ ಕೇಳಲ್ಲ" ಅನ್ನುವುದು ಅನ್ಯಾಯ. ಒಂದೆರಡು ಮೀಟರ್ ಒಳಗೆ ಬನ್ನಿ, ಹೆಸರು ಕರೆದು ಅವರು ತಿರುಗಿದ ಮೇಲೆ ಮಾತಾಡಿ, ಮುಖದ ಮೇಲೆ ಬೆಳಕಿರಲಿ, ಟಿ.ವಿ. ಸದ್ದು ತಗ್ಗಿಸಿ. ಕಿರುಚಬೇಡಿ, ಕಿರುಚಿದರೆ ವ್ಯಂಜನ ಹರಿದುಹೋಗುತ್ತದೆ. ತಿಳಿಯದಿದ್ದರೆ ಅದೇ ಪದವನ್ನು ಮೂರು ಸಲ ಹೇಳುವ ಬದಲು ಬೇರೆ ಪದದಲ್ಲಿ ಹೇಳಿ. ಬಿಟಿಇ ಹಾಕಿದವರಿಗೆ ಫೋನು ಕೊಡುವಾಗ ಕಿವಿಬಾಯಿಗೆ ಹಿಡಿಯಬೇಡಿ, ಕಿವಿಯ ಮೇಲ್ಭಾಗಕ್ಕೆ ಸರಿಸಿ. ಮೈಕು ಇರುವುದು ಅಲ್ಲಿ.